ಕುರುವತ್ತಿಯ ಕಲ್ಲಿಗೆ ಯಾವ ಕ್ಯಾಮೆರಾ?

ಹಗರಿಬೊಮ್ಮನಹಳ್ಳಿಯಲ್ಲಿ ಮದುವೆ ಫೋಟೊ ತೆಗೆಯುವ ಹುಡುಗನೊಬ್ಬ ಒಂದು ಮಧ್ಯಾಹ್ನ ನನ್ನ ಮುಂದೆ ಎರಡು ಕೊಟೇಶನ್ ಹಾಳೆ ಇಟ್ಟು ಕೂತ. ಒಂದರಲ್ಲಿ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್ 100 ಟೂ, ಇನ್ನೊಂದರಲ್ಲಿ ಹ್ಯಾಸಲ್‌ಬ್ಲಾಡ್ ಎಕ್ಸ್2ಡಿ. ಎರಡೂ ಹತ್ತು ಕೋಟಿ ಪಿಕ್ಸೆಲ್‌ನವು, ಎರಡೂ ಮೀಡಿಯಂ ಫಾರ್ಮ್ಯಾಟ್. ಅಮೆರಿಕದಲ್ಲಿ ಬಿಡುಗಡೆಯಾದಾಗ ಮೊದಲನೆಯದಕ್ಕೆ 7,499 ಡಾಲರ್, ಎರಡನೆಯದಕ್ಕೆ 8,199 ಡಾಲರ್, ಅದೂ ಬರೀ ಬಾಡಿಯ ಬೆಲೆ. ಲೆನ್ಸ್ ಸೇರಿಸಿದರೆ ನಮ್ಮ ಕಡೆ ಅದು ಟ್ರ್ಯಾಕ್ಟರ್ ಕೊಳ್ಳುವ ಮಾತು.

"ಎರಡ್ರಾಗ ಯಾವ್ದು ತಗಳ್ಳಿ ಸರ?" ಅಂದ.

ಮದುವೆ ಕೆಲಸದ ನಡುವೆ ಅವನಿಗೆ ಇನ್ನೊಂದು ಆಸೆಯಿದೆ. ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಚಾಲುಕ್ಯರ ಗುಡಿಗಳನ್ನು ಒಂದೂ ಬಿಡದೆ ಫೋಟೊ ಮಾಡಬೇಕು. ಕುರುವತ್ತಿ, ಬಾಗಳಿ, ನೀಲಗುಂದ, ಹಿರೇಹಡಗಲಿ, ಮಾಗಳ. ಈ ಆಸೆ ಇಲ್ಲದಿದ್ದರೆ ನಾನು ಎರಡೂ ಹಾಳೆಗಳನ್ನು ಮಡಚಿ ಅವನ ಜೇಬಿಗೆ ಹಾಕಿ ಕಳಿಸುತ್ತಿದ್ದೆ. ಇದ್ದದ್ದರಿಂದ ಮಾತು ಸಂಜೆಯವರೆಗೂ ನಡೆಯಿತು.

ಮೀಡಿಯಂ ಫಾರ್ಮ್ಯಾಟ್ ಎನ್ನುವುದು ರೀಲಿನ ಕಾಲದಿಂದ ಬಂದ ಹೆಸರು. ಸಾಮಾನ್ಯ 35 ಮಿ.ಮೀ. ರೀಲಿನಲ್ಲಿ ಒಂದು ಚಿತ್ರಕ್ಕೆ 36×24 ಮಿ.ಮೀ. ಜಾಗ. ಅದಕ್ಕಿಂತ ಅಗಲವಾದ 120 ನಂಬರಿನ ರೀಲಿನಲ್ಲಿ ಸುಮಾರು ಆರು ಸೆಂಟಿಮೀಟರ್ ಚೌಕದ ಚಿತ್ರ ಮೂಡುತ್ತಿತ್ತು. ಊರ ಸ್ಟುಡಿಯೊಗಳಲ್ಲಿ ಸೊಂಟದ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುತ್ತಿದ್ದ ಯಾಶಿಕಾ ಕ್ಯಾಮೆರಾಗಳು ಈ ಜಾತಿಯವು. ಡಿಜಿಟಲ್ ಬಂದ ಮೇಲೆ ಹೆಸರು ಉಳಿಯಿತು, ಅಳತೆ ಕುಗ್ಗಿತು. ಈಗಿನ ಫ್ಯೂಜಿ, ಹ್ಯಾಸಲ್‌ಬ್ಲಾಡ್ ಎರಡರ ಸೆನ್ಸರೂ ಸುಮಾರು 44×33 ಮಿ.ಮೀ. ಮದುವೆಯವರು ಬಳಸುವ ಫುಲ್ ಫ್ರೇಮ್ ಸೆನ್ಸರ್ ಹಳೆಯ 36×24 ಮಿ.ಮೀ. ಅಳತೆಯದೇ. ಕ್ಷೇತ್ರಫಲ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ 1.67 ಪಟ್ಟು ಮಾತ್ರ.

ದೊಡ್ಡ ಸೆನ್ಸರ್ ಎಂದರೆ ದೊಡ್ಡ ಪಿಕ್ಸೆಲ್ ಎಂದು ಬಹಳ ಮಂದಿ ನಂಬಿದ್ದಾರೆ. ಮಳೆಗೆ ಅಂಗಳದಲ್ಲಿ ಸಾಲಾಗಿ ಬೋಗುಣಿ ಇಟ್ಟಿದ್ದೀರಿ ಎಂದುಕೊಳ್ಳಿ. ಮಳೆಹನಿ ಬೆಳಕು, ಬೋಗುಣಿ ಪಿಕ್ಸೆಲ್, ಅಂಗಳ ಸೆನ್ಸರ್. ಹತ್ತು ಕೋಟಿ ಪಿಕ್ಸೆಲ್‌ನ ಈ ಕ್ಯಾಮೆರಾಗಳಲ್ಲಿ ಒಂದು ಬೋಗುಣಿಯ ಅಗಲ 3.76 ಮೈಕ್ರಾನ್. ಸೋನಿಯ 6.1 ಕೋಟಿ ಪಿಕ್ಸೆಲ್‌ನ ಫುಲ್ ಫ್ರೇಮ್ ಕ್ಯಾಮೆರಾದಲ್ಲೂ ಅಷ್ಟೇ. 53.4×40 ಮಿ.ಮೀ. ಸೆನ್ಸರಿನ, ಹದಿನೈದು ಕೋಟಿ ಪಿಕ್ಸೆಲ್‌ನ ಫೇಸ್ ಒನ್ ಐಕ್ಯೂ4ನಲ್ಲೂ ಅಷ್ಟೇ. ಬೋಗುಣಿ ಬದಲಾಗಿಲ್ಲ, ಅಂಗಳ ಹಿಗ್ಗಿದೆ. ಒಂದೊಂದು ಬೋಗುಣಿಗೆ ಬೀಳುವ ನೀರು ಅಷ್ಟೇ ಇದ್ದರೂ ಒಟ್ಟು ಕೂಡುವ ನೀರು ಜಾಸ್ತಿ. ಎರಡೂ ಚಿತ್ರಗಳನ್ನು ಒಂದೇ ಅಳತೆಗೆ ಪ್ರಿಂಟ್ ಹಾಕಿದಾಗ ದೊಡ್ಡದರ ನೆರಳಿನ ಭಾಗದಲ್ಲಿ ಕಾಳುಕಾಳಾದ ಗದ್ದಲ ಕಡಿಮೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಎನ್ನುವ ಫೋಟೊದವರ ಲೆಕ್ಕದಲ್ಲಿ ಇದು ಮುಕ್ಕಾಲು ಸ್ಟಾಪ್‌ನಷ್ಟು ಲಾಭ. ಲಾಭ ನಿಜ, ಆದರೆ ಇಷ್ಟೇ.

ಹುಡುಗನ ಮನಸ್ಸಿನಲ್ಲಿದ್ದದ್ದು ಬೇರೆ. ಮದುಮಗಳ ಹಿಂದಿನ ಶಾಮಿಯಾನ ಬೆಣ್ಣೆಯ ಹಾಗೆ ಕರಗಬೇಕು, ಅದು ದೊಡ್ಡ ಸೆನ್ಸರಿಗೆ ಮಾತ್ರ ಸಾಧ್ಯ ಎಂದು ಯಾರೋ ಹೇಳಿದ್ದರು. ಫ್ಯೂಜಿಯ 110 ಮಿ.ಮೀ. ಎಫ್2 ಲೆನ್ಸ್ ತೆಗೆದುಕೊಳ್ಳೋಣ. ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ಅಗಲ, ಹಿನ್ನೆಲೆ ಹೆಚ್ಚು ಮಸುಕು. ಸೆನ್ಸರ್ ಕರ್ಣಗಳ ಅನುಪಾತ 0.79. ಅದರಿಂದ ಗುಣಿಸಿದರೆ ಫುಲ್ ಫ್ರೇಮಿನಲ್ಲಿ ಅದು 87 ಮಿ.ಮೀ. ಎಫ್1.6 ಲೆನ್ಸ್‌ಗೆ ಸಮ. ಫುಲ್ ಫ್ರೇಮಿಗೆ 85 ಮಿ.ಮೀ. ಎಫ್1.4 ಲೆನ್ಸ್ ಅಂಗಡಿಯಲ್ಲೇ ಸಿಗುತ್ತದೆ, ಎಫ್1.2 ಕೂಡ ಇದೆ. ಕರಗುವ ಶಾಮಿಯಾನವೇ ಬೇಕಿದ್ದರೆ ಅವನ ಹಳೆಯ ಕ್ಯಾಮೆರಾಗೆ ಅಂಥ ಒಂದು ಲೆನ್ಸ್ ಸಾಕು. ಆಲ್ಬಮ್ಮಿನ ಲೆಕ್ಕವೂ ಹೀಗೆಯೇ. 12×36 ಇಂಚಿನ ಹಾಳೆಯಲ್ಲಿ ನಾಲ್ಕೈದು ಫೋಟೊ ಕೂರಿಸುತ್ತಾರೆ. 2.4 ಕೋಟಿ ಪಿಕ್ಸೆಲ್‌ನ ಒಂದು ಚಿತ್ರವೇ ಇಂಚಿಗೆ 300 ಚುಕ್ಕಿಯಂತೆ 20×13 ಇಂಚು ಬರುತ್ತದೆ. ಹತ್ತು ಕೋಟಿಯಲ್ಲಿ ಮೂರು ಸಾವಿರ ಫೋಟೊ ತೆಗೆದರೆ, ರಾ ಫೈಲ್ ಒಂದಕ್ಕೆ ಸುಮಾರು 200 ಎಂಬಿ, ಒಂದೇ ಮದುವೆಗೆ 600 ಜಿಬಿ. ಲಗ್ಗನದ ತಿಂಗಳಲ್ಲಿ ಹಾರ್ಡ್ ಡಿಸ್ಕ್ ಕೊಳ್ಳುವುದೇ ಒಂದು ಖರ್ಚು.

ಹಾಗಾದರೆ ದೊಡ್ಡ ಚೌಕಟ್ಟು ಯಾರಿಗೆ? ಅದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಫೋಟೊ ತೆಗೆದ. ಹಂಪಿಯ ಅತಿ ಹಳೆಯ ಫೋಟೊಗಳ ಸಾಲಿಗೆ ಸೇರಿದವು ಅವು. ಆಗಲೂ ಎರಡು ದಾರಿಗಳಿದ್ದವು. ಗಾಜಿನ ಮೇಲೆ ಹಸಿ ಕಲೋಡಿಯನ್ ಸುರಿದು ತೆಗೆದರೆ ಗೆರೆ ಗೆರೆಯೂ ಸ್ಪಷ್ಟ. ಆದರೆ ಲೇಪ ಹಚ್ಚಿ, ಚಿತ್ರ ತೆಗೆದು, ತೊಳೆಯುವಷ್ಟನ್ನೂ ಅದು ಒಣಗುವ ಮೊದಲು ಕೆಲವೇ ನಿಮಿಷಗಳಲ್ಲಿ ಮುಗಿಸಬೇಕು. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಅದು ಎಷ್ಟು ಕಷ್ಟ ಎಂದು ನಮಗೆ ಹೇಳಬೇಕಿಲ್ಲ. ಇನ್ನೊಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್. ಮೊದಲೇ ತಯಾರು ಮಾಡಿಟ್ಟುಕೊಂಡು, ಒಣಗಿದ್ದಾಗಲೇ ಬಳಸಬಹುದು. ಚಿತ್ರಕ್ಕೆ ಬಹಳ ಹೊತ್ತು ಬೆಳಕು ಬೇಕು, ಕಾಗದದ ನಾರು ಕಣ್ಣಿಗೆ ಕಾಣುತ್ತದೆ. ಗ್ರೀನ್‌ಲಾ ಕಾಗದವನ್ನೇ ಆರಿಸಿಕೊಂಡ. ಅವನ ನೆಗೆಟಿವ್ ಸುಮಾರು 16×18 ಇಂಚು. ಇವತ್ತಿನ ಮೀಡಿಯಂ ಫಾರ್ಮ್ಯಾಟ್ ಸೆನ್ಸರಿನ ನೂರಿಪ್ಪತ್ತು ಪಟ್ಟಿಗೂ ಹೆಚ್ಚು. ಅಷ್ಟು ದೊಡ್ಡ ಹಾಳೆಯ ಮುಂದೆ ನಾರಿನ ಮಬ್ಬು ಲೆಕ್ಕಕ್ಕೆ ಬರಲಿಲ್ಲ. ಕಲ್ಲು ಅಲ್ಲಾಡುವುದಿಲ್ಲ, ಎಷ್ಟು ಹೊತ್ತಾದರೂ ಕಾಯುತ್ತದೆ. ಆ ನೆಗೆಟಿವ್‌ಗಳು ಎಷ್ಟು ಖಚಿತವಾಗಿದ್ದವೆಂದರೆ 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವವೇ ಜಾಗಗಳನ್ನು ಹುಡುಕಿ, ನಿಂತು, ಮತ್ತೆ ಫೋಟೊ ತೆಗೆದರು. ನೂರಿಪ್ಪತ್ತೇಳು ವರ್ಷಗಳಲ್ಲಿ ಯಾವ ಕಂಬ ಬಿತ್ತು, ಯಾವ ಗೋಪುರ ಕರಗಿತು ಎಂಬುದು ಎರಡನ್ನೂ ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ.

ನಮ್ಮ ತಾಲ್ಲೂಕುಗಳ ಗುಡಿಗಳಿಗೂ ಒಬ್ಬ ಹಿರಿಯನಿದ್ದಾನೆ. ಪುರಾತತ್ವ ಇಲಾಖೆಯ ಅಲೆಕ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ಗುಡಿಗಳ ಬಗ್ಗೆ 1896ರಲ್ಲಿ ಒಂದು ದೊಡ್ಡ ಪುಸ್ತಕ ಪ್ರಕಟಿಸಿದ. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳ, ನೀಲಗುಂದ ಎಲ್ಲವೂ ಅದರಲ್ಲಿವೆ. ಹುಡುಗನ ಪಟ್ಟಿ ಅದೇ ಪಟ್ಟಿ. ಇಂಥ ಕೆಲಸಕ್ಕೆ ಪಿಕ್ಸೆಲ್ ಎಂದೂ ವ್ಯರ್ಥವಲ್ಲ ಎಂದು ನಾನು ನಂಬಿದ್ದೇನೆ. ನೂರು ವರ್ಷದ ಮೇಲೆ ಯಾರೋ ಒಬ್ಬರು ಆ ಚಿತ್ರದಲ್ಲಿ ಏನು ಹುಡುಕುತ್ತಾರೆಂದು ಇವತ್ತು ನಮಗೆ ಗೊತ್ತಾಗುವುದಿಲ್ಲ.

ಖರೀದಿಗೆ ಮೊದಲು ಬಾಡಿಗೆಗೆ ತಂದು ನೋಡೋಣ ಎಂದೆ. ಬೆಂಗಳೂರಿನಿಂದ ಎರಡು ದಿನದ ಮಟ್ಟಿಗೆ ಒಂದು ಬಾಡಿ, ಒಂದು ಲೆನ್ಸ್ ತರಿಸಿ ಕುರುವತ್ತಿಗೆ ಹೋದೆವು. ತುಂಗಭದ್ರೆಯ ದಂಡೆಯ ಮಲ್ಲಿಕಾರ್ಜುನ ಗುಡಿ, ಹನ್ನೊಂದನೇ ಶತಮಾನದ್ದು. ಅಲ್ಲಿನ ಮದನಿಕೆಯರನ್ನು ನೋಡದವರು ನೋಡಬೇಕು. ಕಂಬದ ತಲೆಯಿಂದ ಮುಂದಕ್ಕೆ ಬಾಗಿ, ಬಳ್ಳಿಗಳ ಬಲೆಯೊಳಗೆ ನಿಂತ ಹೆಣ್ಣು. ಬಳ್ಳಿಯ ಹಿಂದೆ ಗಾಳಿಯಾಡುವಷ್ಟು ಟೊಳ್ಳಾಗಿ ಕೊರೆದಿದ್ದಾರೆ. ಬಳಪದ ಕಲ್ಲಾದ್ದರಿಂದ ಉಳಿ ಹೇಳಿದಂತೆ ಕೇಳಿದೆ. ಬೆಳಗಿನ ಬಿಸಿಲು ಒಂದು ಮಗ್ಗುಲಿಗೆ ಬಡಿದರೆ ಆ ಟೊಳ್ಳಿನೊಳಗೆ ಕಗ್ಗತ್ತಲು. ಕ್ಯಾಮೆರಾಗೆ ಇದೇ ಪರೀಕ್ಷೆ. ಬಿಸಿಲು ಬಿದ್ದ ಭುಜ ಸುಣ್ಣವಾಗಬಾರದು, ಬಳ್ಳಿಯ ಹಿಂದಿನ ಕತ್ತಲು ಮಸಿಯಾಗಬಾರದು. ಎಕ್ಸ್2ಡಿಗೆ ಕಂಪನಿ ಹೇಳುವುದು 15 ಸ್ಟಾಪ್, ಅಂದರೆ ಅತಿ ಮಬ್ಬಿನ ಮೂವತ್ತೆರಡು ಸಾವಿರ ಪಟ್ಟು ಪ್ರಖರತೆಯವರೆಗೆ ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ. ಎರಡೂ ಕ್ಯಾಮೆರಾ 16 ಬಿಟ್‌ನಲ್ಲಿ ಬರೆಯಬಲ್ಲವು. ಕಪ್ಪಿನಿಂದ ಬಿಳಿಗೆ 65,536 ಮೆಟ್ಟಿಲು. 14 ಬಿಟ್ ಆದರೆ 16,384. ಅಂಕಿ ದೊಡ್ಡದಾಗಿ ಕಂಡರೂ ಕಣ್ಣಿಗೆ ಗೊತ್ತಾಗುವ ವ್ಯತ್ಯಾಸ ತೀರಾ ಕಡು ನೆರಳಿನಲ್ಲಿ ಮಾತ್ರ.

ಎದುರಾದ ತೊಂದರೆ ಇನ್ನೊಂದು. ಮದನಿಕೆಯ ಮೂಗು ಹರಿತವಾದರೆ ಹಿಂದಿನ ಬಳ್ಳಿ ಮಸುಕು. ಎಲ್ಲವೂ ಹರಿತವಾಗಲಿ ಎಂದು ಹುಡುಗ ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದಾಗಿಸಿದ. ಆಗ ಇಡೀ ಚಿತ್ರವೇ ತುಸು ಮೆತ್ತಗಾಯಿತು. ಕಿರಿದಾದ ಕಿಂಡಿಯಲ್ಲಿ ತೂರುವಾಗ ಬೆಳಕು ಅಂಚಿಗೆ ಬಾಗಿ ಹರಡುತ್ತದೆ. ಹಾಗಾಗಿ ಒಂದು ಚುಕ್ಕಿ ಚುಕ್ಕಿಯಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ. ಹಸಿರು ಬೆಳಕಿಗೆ ಎಫ್5.6ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 7.5 ಮೈಕ್ರಾನ್, ಎರಡು ಪಿಕ್ಸೆಲ್. ಎಫ್16ರಲ್ಲಿ 21 ಮೈಕ್ರಾನ್ ದಾಟುತ್ತದೆ, ಹತ್ತಿರ ಹತ್ತಿರ ಆರು ಪಿಕ್ಸೆಲ್. ಲಕ್ಷಗಟ್ಟಲೆ ಕೊಟ್ಟು ತಂದ ಪಿಕ್ಸೆಲ್‌ಗಳನ್ನು ಒಂದು ತಿರುಗಣೆ ತಿರುಗಿಸಿ ಕಳೆದುಕೊಳ್ಳುವುದು ಹೀಗೆ. ಪರಿಹಾರ ಇದೆ. ಎಫ್8ರಲ್ಲೇ ಇಟ್ಟು, ಫೋಕಸನ್ನು ಮೂಗಿನಿಂದ ಹಿಂದಿನ ಬಳ್ಳಿಯವರೆಗೆ ಕೂದಲೆಳೆಯಷ್ಟು ಸರಿಸುತ್ತಾ ಹತ್ತಿಪ್ಪತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವುದು. ಇದಕ್ಕೆ ಸ್ಟ್ಯಾಂಡ್ ಬೇಕು. ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಸ್ಟ್ಯಾಂಡ್ ಹಾಕಲು ಮೊದಲೇ ಅನುಮತಿ ಪಡೆದಿರಬೇಕು. ಅನುಮತಿ ಇಲ್ಲದ ದಿನ ಬಾಡಿಯೊಳಗಿನ ನಡುಕ ತಡೆಯುವ ವ್ಯವಸ್ಥೆಯೇ ಗತಿ: ಎಕ್ಸ್2ಡಿಗೆ 7 ಸ್ಟಾಪ್, ಜಿಎಫ್‌ಎಕ್ಸ್ 100 ಟೂಗೆ 8 ಎನ್ನುತ್ತವೆ ಕಂಪನಿಗಳು. ಬಾಗಳಿಯ ಕಲ್ಲೇಶ್ವರ ಗುಡಿಯ ಮಬ್ಬು ಮಂಟಪದಲ್ಲಿ ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ಕಾಲು ಸೆಕೆಂಡಿನ ಚಿತ್ರವನ್ನು ಕೈಯಲ್ಲೇ ತೆಗೆದದ್ದು ಅದರಿಂದಲೇ.

ಇಷ್ಟರವರೆಗೆ ಎರಡು ಕ್ಯಾಮೆರಾಗಳೂ ಅಣ್ಣತಮ್ಮಂದಿರು. ದಾರಿ ಬೇರೆಯಾಗುವುದು ಶಟರಿನಲ್ಲಿ. ಫ್ಯೂಜಿಯ ಶಟರ್ ಬಾಡಿಯೊಳಗೆ, ಸೆನ್ಸರಿನ ಮುಂದೆ ಪರದೆಯ ಹಾಗೆ ಓಡುತ್ತದೆ. ಇಡೀ ಸೆನ್ಸರ್ ಒಟ್ಟಿಗೆ ತೆರೆದಿದ್ದಾಗ ಮಾತ್ರ ಫ್ಲ್ಯಾಶ್ ಹೊಡೆಯಬೇಕಾದ್ದರಿಂದ ಸೆಕೆಂಡಿನ 125ನೇ ಒಂದು ಭಾಗ ಅದರ ಮಿತಿ. ಹ್ಯಾಸಲ್‌ಬ್ಲಾಡ್‌ನ ಶಟರ್ ಲೆನ್ಸಿನೊಳಗೆ. ಹೂವಿನ ಎಸಳಿನ ಹಾಗೆ ನಡುವಿನಿಂದ ಅರಳಿ ಮುಚ್ಚುತ್ತದೆ. ಅನೇಕ ಲೆನ್ಸ್‌ಗಳಲ್ಲಿ ಸೆಕೆಂಡಿನ 2000ನೇ ಒಂದು ಭಾಗದವರೆಗೂ ಫ್ಲ್ಯಾಶ್ ಕೂಡುತ್ತದೆ. ಮೈಲಾರದ ನಡುಹಗಲ ಬಿಸಿಲಿನಲ್ಲಿ ಕರಿ ಕಂಬಳಿ ಹೊದ್ದ ಗೊರವಯ್ಯನ ಮುಖ ತೆಗೆಯಬೇಕು ಎನ್ನಿ. ಐಎಸ್‌ಒ 100, ಎಫ್4 ಇಟ್ಟರೆ ಆ ಬಿಸಿಲಿಗೆ ಸೆಕೆಂಡಿನ 1600ನೇ ಒಂದು ಭಾಗ ಬೇಕು. ಹ್ಯಾಸಲ್‌ಬ್ಲಾಡ್‌ನಲ್ಲಿ ಸಣ್ಣ ಫ್ಲ್ಯಾಶ್ ಸಾಕು, ಕಣ್ಣಿನ ಗುಳಿಯ ನೆರಳು ಹೋಗುತ್ತದೆ. ಫ್ಯೂಜಿಯಲ್ಲಿ ಶಟರ್ ಓಡುವಷ್ಟು ಹೊತ್ತೂ ಫ್ಲ್ಯಾಶ್ ಮಿನುಗಿಸುವ ಹೈ ಸ್ಪೀಡ್ ಸಿಂಕ್ ಹಾಕಬೇಕು, ಆಗ ಫ್ಲ್ಯಾಶಿನ ಶಕ್ತಿ ಬಹುಪಾಲು ಸೋರಿಹೋಗುತ್ತದೆ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಎರಡರಲ್ಲೂ ಇದೆ, ಎರಡರಲ್ಲೂ ನಿಧಾನ. ಹತ್ತು ಕೋಟಿ ಪಿಕ್ಸೆಲ್ ಸಾಲುಸಾಲಾಗಿ ಓದಿ ಮುಗಿಸುವಷ್ಟರಲ್ಲಿ ಎದುರಿನ ವಸ್ತು ಜರುಗಿರುತ್ತದೆ. ಕೊಟ್ಟೂರಿನ ತೇರಿನ ದಿನ ಭಕ್ತರು ಎಸೆಯುವ ಬಾಳೆಹಣ್ಣುಗಳು ಆ ಶಟರಿನಲ್ಲಿ ಎಳೆದು ತಿರುಚಿದ ಹಾಗೆ ಬಂದದ್ದನ್ನು ನೋಡಿದ್ದೇನೆ. ತೇರಿಗೆ ಮೆಕ್ಯಾನಿಕಲ್ ಶಟರೇ ಸರಿ. ಅದರಲ್ಲಿ ಜಿಎಫ್‌ಎಕ್ಸ್ 100 ಟೂ ಸೆಕೆಂಡಿಗೆ 8 ಚಿತ್ರ ತೆಗೆಯುತ್ತದೆ, ಎಕ್ಸ್2ಡಿ ಮೂರು ಚಿಲ್ಲರೆ. ವಿಡಿಯೊ ಎಕ್ಸ್2ಡಿಯಲ್ಲಿ ಇಲ್ಲವೇ ಇಲ್ಲ, ಫ್ಯೂಜಿಯಲ್ಲಿ 8ಕೆವರೆಗೆ ಇದೆ. ಮೈಲಾರದ ಜಾತ್ರೆಯಲ್ಲಿ ಬಿಲ್ಲನ್ನೇರಿದ ಗೊರವಯ್ಯ "ಸದ್ದಲೇ" ಎಂದು ಕಾರಣಿಕದ ಭವಿಷ್ಯ ನುಡಿದು ಬೀಳುವ ಗಳಿಗೆಯನ್ನು ಎಕ್ಸ್2ಡಿ ಹಿಡಿದವನು ಪುಣ್ಯವಿದ್ದರೆ ಒಂದು ಚಿತ್ರದಲ್ಲಿ ಪಡೆದಾನು. 2025ರ ಆಗಸ್ಟಿನಲ್ಲಿ ಬಂದ ಎಕ್ಸ್2ಡಿಯ ಎರಡನೇ ಆವೃತ್ತಿಗೆ ಚಲಿಸುವುದನ್ನು ಹಿಂಬಾಲಿಸುವ ಫೋಕಸ್ ಸೇರಿದೆ, ಅಷ್ಟು ಸಮಾಧಾನ.

ಹಕ್ಕಿಗೆ ಇವೆರಡೂ ಬೇಡ. 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದ ನಮ್ಮ ಅಂಕಸಮುದ್ರದ ಕೆರೆಯಲ್ಲಿ ಜಾಲಿಮರದ ನೆತ್ತಿಗೆ ಇಳಿಯುವ ಬಣ್ಣದ ಕೊಕ್ಕರೆಗೆ ಫ್ಯೂಜಿಯ ಉದ್ದನೆಯ 500 ಮಿ.ಮೀ. ಲೆನ್ಸೂ ಫುಲ್ ಫ್ರೇಮಿನ ಸುಮಾರು 400ಕ್ಕೆ ಸಮ. ಗುಡೇಕೋಟೆಯ ಕರಡಿಗೂ ಇದೇ ಮಾತು. ಅಲ್ಲಿಗೆ ಅವನ ಹಳೆಯ ಕ್ಯಾಮೆರಾ ಒಯ್ಯಲಿ.

ನನಗೆ ಒಂದನ್ನೇ ಕೊಡುತ್ತೇವೆ ಎಂದರೆ ಮುಖಗಳಿಗಾಗಿ ಹ್ಯಾಸಲ್‌ಬ್ಲಾಡ್ ಕೇಳುತ್ತೇನೆ. ಹುಡುಗನಿಗೆ ಹೇಳಿದ್ದು ಬೇರೆ: ಫ್ಯೂಜಿಯ ಜಿಎಫ್‌ಎಕ್ಸ್ 100ಎಸ್ ಟೂ. ಬಿಡುಗಡೆಯಾದಾಗ 4,999 ಡಾಲರ್, ಪಿಕ್ಸೆಲ್ ಅಷ್ಟೇ, ನಡುಕ ತಡೆಯುವುದೂ 8 ಸ್ಟಾಪ್. ವೇಗ ಕಡಿಮೆ, ಆದರೆ ಕಲ್ಲಿಗೆ ವೇಗ ಯಾಕೆ? ಉಳಿದ ದುಡ್ಡಿನಲ್ಲಿ ಒಂದು ಒಳ್ಳೆಯ ಲೆನ್ಸ್, ಗಟ್ಟಿ ಸ್ಟ್ಯಾಂಡ್.

ಅವನು ಇನ್ನೂ ಯಾವುದನ್ನೂ ಕೊಂಡಿಲ್ಲ. ಕುರುವತ್ತಿಯಿಂದ ಮರಳಿದ ರಾತ್ರಿ ಲ್ಯಾಪ್‌ಟಾಪಿನಲ್ಲಿ ಮದನಿಕೆಯ ಕಾಲಂದುಗೆಯನ್ನು ಹಿಗ್ಗಿಸುತ್ತಾ ಹೋದ. ಕಡಗದ ಒಳಸುತ್ತಿನಲ್ಲಿ, ಕೆಳಗೆ ನಿಂತವರ ಕಣ್ಣಿಗೆ ಎಂದೂ ಬೀಳದ ಜಾಗದಲ್ಲಿ, ಒಂದೇ ಅಂತರದಲ್ಲಿ ಕೊರೆದ ಸಣ್ಣ ಸಣ್ಣ ಗೀರುಗಳು ಕಂಡವು. ಎಣಿಸಲು ಶುರು ಮಾಡಿದ. ಮೂವತ್ತರ ಹತ್ತಿರ ಬಂದಾಗ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದ.