ಹೆಪ್ಪುಗಟ್ಟಿಯೂ ಬದುಕುವ ಕಪ್ಪೆ

ಬಾಯಿ ಬಿಗಿದ ಸೀಸೆಯಲ್ಲಿ ನೀರು ಹೆಪ್ಪುಗಟ್ಟಿದರೆ ಸೀಸೆಯೇ ಒಡೆಯುವುದನ್ನು ನಾವು ಬಲ್ಲೆವು. ೧೧ ಪಾಲು ನೀರು ಹಿಗ್ಗಿ ಸುಮಾರು ೧೨ ಪಾಲು ಹಿಮವಾಗುತ್ತದೆ. ಹಾಗಾದರೆ ಹೆಪ್ಪುಗಟ್ಟಿದ ಜೀವಕೋಶದ ಗತಿಯೇನು? ಅಲಾಸ್ಕದ ಕಾಡುಗಪ್ಪೆಯನ್ನು ನೋಡೋಣ. ಚಳಿಗಾಲದಲ್ಲಿ ತರಗೆಲೆಗಳಡಿ ಮಲಗಿದ ಅದರ ದೇಹದ ನೀರಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಮವಾಗುತ್ತದೆ. ಉಸಿರೂ ಹೃದಯವೂ ನಿಲ್ಲುತ್ತವೆ. ಇದೇ ಅದರ ಶಿಶಿರನಿದ್ರೆ.

ಆದರೆ ಹಿಮವು ಬೆಳೆಯುವುದು ಕೋಶಗಳ ಹೊರಗೆ. ಯಕೃತ್ತು ರಕ್ತಕ್ಕೆ ಸುರಿಸಿದ ಗ್ಲೂಕೋಸು ಕೋಶಗಳನ್ನು ಹೊಕ್ಕು, ಒಳಗಿನ ದ್ರವದ ಘನೀಭವನ ಬಿಂದುವನ್ನು ಇಳಿಸಿ, ನೀರು ಮಿತಿಮೀರಿ ಹೊರಹೋಗದಂತೆ ತಡೆಯುತ್ತದೆ. ವಸಂತದಲ್ಲಿ ಹಿಮ ಕರಗಲು ಹೃದಯವು ಪುನಃ ಮಿಡಿಯುತ್ತದೆ.

ಕಸಿಗಾಗಿ ತೆಗೆದ ಮಾನವ ಹೃದಯವನ್ನು ಹಿಮದ ತಂಪಿನಲ್ಲಿಟ್ಟು ಕೆಲವೇ ಗಂಟೆಗಳು ಕಾಪಾಡಬಲ್ಲ ನಾವು, ತಿಂಗಳುಗಟ್ಟಲೆ ಕಾಪಾಡುವ ವಿದ್ಯೆಯನ್ನು ಈ ಪುಟ್ಟ ಪ್ರಾಣಿಯಿಂದ ಕಲಿಯಬೇಕಾಗಿದೆ.