ಹಳೇ ಫೋನ್ ಎಕ್ಸ್‌ಚೇಂಜ್‌ಗೆ ಕೊಡೋ ಮುಂಚೆ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಕೊಬ್ಬರಿ ದುಡ್ಡು ಬಂದಾಗ ಹೊಸ ಫೋನ್ ಕೊಂಡು, ಹಳೇದನ್ನ ಅಂಗಡಿಗೇ ಕೊಟ್ಟು ಬರೋರುಂಟು. ಅದರೊಳಗೆ ಪಹಣಿ, ಆಧಾರ್, ಪಾಸ್‌ಬುಕ್ ಫೋಟೋ ಎಲ್ಲ ಇರುತ್ತೆ. ಒಂದೊಂದೇ ಅಳಿಸಿದರೆ ಸಾಲದು. ಚೀಲದ ಮೇಲಿನ ಹೆಸರು ಒರೆಸಿದ ಹಾಗಷ್ಟೇ; ಮಾಲು ಒಳಗೇ ಉಳಿದಿರಬಹುದು.

ಮೊದಲು ಫೋಟೋ, ವಾಟ್ಸಾಪ್ ಬ್ಯಾಕಪ್ ಆಗಿದೆಯಾ ನೋಡಿ. ತೀರಿಕೊಂಡ ಹಿರಿಯರ ವಾಯ್ಸ್ ಮೆಸೇಜ್ ಹೋದರೆ ಮತ್ತೆ ಸಿಗಲ್ಲ. ಹೊಸ ಫೋನಲ್ಲಿ ಯುಪಿಐ ನಡೆಯೋದು ಖಾತ್ರಿಯಾಗಲಿ. ಸಿಮ್, ಮೆಮೊರಿ ಕಾರ್ಡ್ ತೆಗೀರಿ (ಕಾರ್ಡ್ ಮರೆಯೋದು ಸುಲಭ). ಆಮೇಲೆ ಗೂಗಲ್ ಖಾತೆ ತೆಗೆದು ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ಉಳಿದರೆ ಕೊಂಡವರಿಗೆ ಫೋನ್ ನಿಮ್ಮ ಪಾಸ್‌ವರ್ಡ್ ಕೇಳಬಹುದು. 2019ರ ಆಂಡ್ರಾಯ್ಡ್ 10 ಜೊತೆಗೇ ಬಂದ ಫೋನ್‌ಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತೆ, ರೀಸೆಟ್ ಮಾಡಿದರೆ ಅದರ ಕೀಲಿಯೇ ಅಳಿಯುತ್ತೆ. ಇದನ್ನೆಲ್ಲ ಮನೆಯಲ್ಲೇ ಮುಗಿಸಿ. ಪಾಸ್‌ವರ್ಡ್ ಹೇಳಿ "ನೀವೇ ಮಾಡ್ಕೊಳ್ಳಿ" ಅಂತ ಅಂಗಡಿಯವರ ಕೈಗೆ ಕೊಡಬೇಡಿ.