ನಡೆದದ್ದೆಷ್ಟು, ಕಟ್ಟಿದ್ದೆಷ್ಟು?

ಹೊಸ ಐತಿಹಾಸಿಕ ಕಾದಂಬರಿಯೊಂದು ಬಿಡುಗಡೆಯಾಗುವ ಸಂಜೆ ಪ್ರಾರ್ಥನೆ, ಸ್ವಾಗತ, ಹಾರ ತುರಾಯಿಗಳೆಲ್ಲ ಮುಗಿದು ಲೇಖಕರೊಡನೆ ಸಂವಾದಕ್ಕೆ ಮೊದಲಾದರೆ, ಸಭೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: 'ಇದರಲ್ಲಿ ನಡೆದದ್ದೆಷ್ಟು, ನೀವು ಕಟ್ಟಿದ್ದೆಷ್ಟು?' ದೊಡ್ಡ ಪಟ್ಟಣದಲ್ಲಿ ಇದು ಸಾಹಿತ್ಯದ ಕುತೂಹಲವಿರಬಹುದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯಂಥ ಊರಿನಲ್ಲಿ ಕೇಳಿದಾಗ ಅದಕ್ಕೆ ಬೇರೆಯದೇ ತೂಕವಿದೆ.

ಇದು ತೆಂಗಿನ ಸೀಮೆ ಮಾತ್ರವಲ್ಲ, ಪಾಳೆಯಗಾರರು ಆಳಿದ ಸೀಮೆಯೂ ಹೌದು. ತಾಲ್ಲೂಕು ಕೇಂದ್ರದ ಹೆಸರಿನಲ್ಲೇ ಹಾಗಲವಾಡಿ ಮನೆತನದ ಚಿಕ್ಕನಾಯಕನಿದ್ದಾನೆ. ಪಕ್ಕದ ಹುಳಿಯಾರಿನಿಂದ ಹಿರಿಯೂರಿನ ದಾರಿ ಹಿಡಿದರೆ ಚಿತ್ರದುರ್ಗದ ನಾಯಕರ ನಾಡು. ಇಂಥ ಕಡೆ ಹಳೆಯ ಸಂಗತಿಗಳು ಶಾಸನ, ಬಖೈರುಗಳಲ್ಲಿ ಉಳಿದದ್ದಕ್ಕಿಂತ ಜನರ ನಾಲಗೆಯ ಮೇಲೆ ಉಳಿದದ್ದೇ ಹೆಚ್ಚು. ಬರೆದಿಟ್ಟ ಚರಿತ್ರೆ ವಿರಳವಾದಲ್ಲಿ, ಕಾದಂಬರಿಕಾರ ಬರೆದದ್ದೇ ಮುಂದಿನ ತಲೆಮಾರಿಗೆ ಚರಿತ್ರೆಯಾಗಿಬಿಡುತ್ತದೆ.

ಚಿತ್ರದುರ್ಗವೇ ಇದಕ್ಕೆ ನಿದರ್ಶನ. 1779ರಲ್ಲಿ ಕೋಟೆ ಹೈದರಾಲಿಯ ವಶವಾಗಿ, ಮದಕರಿನಾಯಕ ಶ್ರೀರಂಗಪಟ್ಟಣದಲ್ಲಿ ಸೆರೆಯಾದದ್ದು ಚರಿತ್ರೆ. ಕಿಂಡಿಯಲ್ಲಿ ನುಸುಳಿದ ಶತ್ರುಗಳನ್ನು ಒನಕೆಯಿಂದ ಬಡಿದ ಓಬವ್ವನ ಕಥೆ ಬಾಯಿಂದ ಬಾಯಿಗೆ ಬಂದದ್ದು. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆರೆಗೆ ತಂದ 'ನಾಗರಹಾವು' ಅವಳನ್ನು ನಾಡಿನ ಮನೆಮನೆಗೂ ತಲುಪಿಸಿತು. ಕೋಟೆಯ ಪತನವನ್ನು ಕುರಿತ 'ದುರ್ಗಾಸ್ತಮಾನ'ಕ್ಕೆ ತ.ರಾ.ಸು. ನಿಧನರಾದ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. 2021ರಿಂದ ರಾಜ್ಯ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿಯನ್ನು ಆಚರಿಸುತ್ತಿದೆ. ಜನಪದರು ಕಾಪಾಡಿದ ನೆನಪಿಗೆ ಕಲೆಯ ಬೆಂಬಲ ದೊರೆತು, ಕೊನೆಗೆ ಅದಕ್ಕೊಂದು ತಾರೀಖೂ ಸಿಕ್ಕಿತು.

ಹಾಗಾದರೆ ಕವಿಗೆ ಎಷ್ಟು ಸ್ವಾತಂತ್ರ್ಯ? ಈ ಚರ್ಚೆ ಸಾವಿರ ವರ್ಷಕ್ಕೂ ಹಳೆಯದು. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ, ನಡೆದದ್ದನ್ನು ನಡೆದಂತೆ ಹೇಳುವ ಕೆಲಸಕ್ಕೆ ಇತಿಹಾಸವೇ ಇದೆ, ಕವಿ ಬೇಕಾಗಿಲ್ಲ ಎಂಬರ್ಥದ ಮಾತು ಹೇಳಿದ. ರಸಕ್ಕೆ ಒಗ್ಗದ ಕಥಾಭಾಗವನ್ನು ಕವಿ ಬಿಡಬಹುದು, ಬೇರೆಯದನ್ನು ಕಲ್ಪಿಸಬಹುದು ಎಂಬುದು ಅವನ ನಿಲುವು. ಆನಂದವರ್ಧನನೇ ಮೊದಲಾದ ಆಲಂಕಾರಿಕರ ವಿಚಾರಗಳನ್ನು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ತಿಳಿಗನ್ನಡಕ್ಕೆ ತಂದ ತೀ.ನಂ.ಶ್ರೀ. ಇದೇ ತಾಲ್ಲೂಕಿನ ತೀರ್ಥಪುರದವರು. ಕೆಂಕೆರೆಯವರು ಕೇಳುವ ಪ್ರಶ್ನೆಗೆ ಉತ್ತರದ ಎಳೆ ನೆರೆಯೂರಿನಲ್ಲೇ ಇದೆ ಎಂದಾಯಿತು.

ಆದರೆ ಈ ಸ್ವಾತಂತ್ರ್ಯಕ್ಕೆ ಔಚಿತ್ಯದ ಕಟ್ಟೂ ಉಂಟು. ಕೊಡಗು 1834ರಲ್ಲಿ ಇಂಗ್ಲಿಷರ ವಶವಾದದ್ದನ್ನು ಮಾಸ್ತಿಯವರ 'ಚಿಕವೀರ ರಾಜೇಂದ್ರ' ಬದಲಿಸಲಾರದು. ಅರಮನೆಯೊಳಗಿನ ಮಾತು, ಮನಸ್ಸಿನ ತಳಮಳ ಮಾತ್ರ ಅವರು ಕಲ್ಪಿಸಿಕೊಟ್ಟವು. ಪೋರ್ಚುಗಲ್ಲಿನಿಂದ ವಿಜಯನಗರದವರೆಗೆ ಹಬ್ಬಿದ ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ರಾಜರನ್ನು ಬದಿಗಿಟ್ಟು, ದಾಖಲೆಗಳಲ್ಲಿ ಹೆಸರಿಲ್ಲದ ಸಾಮಾನ್ಯರ ಬಾಳನ್ನು ಕಲ್ಪಿಸಿತು. ದಾಖಲೆ ಮೌನವಾದ ಎಡೆಯಲ್ಲೇ ಕಾದಂಬರಿಗೆ ಹೆಚ್ಚಿನ ಅವಕಾಶ.

ಅಲ್ಲೇ ಹೆಚ್ಚಿನ ಹೊಣೆಯೂ ಇದೆ. ಖಳನೆಂದು ಚಿತ್ರಿಸಿದ ದಳವಾಯಿಯ ವಂಶದವರು ಅದೇ ಊರಿನಲ್ಲಿ ಬಾಳುತ್ತಿರಬಹುದು. ಒಂದು ಕಲ್ಪನೆಯ ಮಾತು ಅವರಿಗೆ ಅಳಿಸಲಾಗದ ಕಳಂಕವಾಗಬಹುದು. ಆದ್ದರಿಂದ ಸಂವಾದದ ಸಂಜೆ ಆ ಪ್ರಶ್ನೆ ಎದ್ದಾಗ ಲೇಖಕ ಬೇಸರಪಡಬೇಕಾಗಿಲ್ಲ. ಇದು ದಾಖಲೆ, ಇದು ಐತಿಹ್ಯ, ಇದು ನನ್ನದು ಎಂದು ಬಿಡಿಸಿ ಹೇಳಿದರೆ ಕಾದಂಬರಿಯ ರುಚಿಯೇನೂ ಕೆಡುವುದಿಲ್ಲ. ಕೇಳಿದವರೂ ಮನೆಗೆ ಹೋಗಿ, ತಮ್ಮೂರ ವೀರಗಲ್ಲಿನ ಬಗ್ಗೆ ಅಜ್ಜಿ ಹೇಳುತ್ತಿದ್ದುದನ್ನು ಬರೆದಿಡಲು ಮನಸ್ಸು ಮಾಡಬಹುದು.